500 ರೂಪಾಯಿಯೊಳಗೆ ಕೈಗೊಂಬೆ, ಅದೂ ಈ ಮಳೆಯಲ್ಲಿ: ಮಾಡಿದವರು ಸ್ವಲ್ಪ ಹೇಳಿ

ಕೇಳಿದ್ದು, ಪೊನ್ನಂಪೇಟೆ ಕಡೆಯಿಂದ

ಸಣ್ಣ ಶಾಲೆಯೊಂದರಲ್ಲಿ ಟೀಚರ್ ನಾನು. ಮೂರನೇ, ನಾಲ್ಕನೇ ಕ್ಲಾಸು ಸೇರಿ 12 ಮಕ್ಕಳು. ಆಗಸ್ಟ್ 15ಕ್ಕೆ ನಮ್ಮ ಕ್ಲಾಸಿನಿಂದ ಕೈಗೊಂಬೆ ಆಟ ಅಂತ ಬಾಯಿ ತಪ್ಪಿ ಒಪ್ಪಿಕೊಂಡುಬಿಟ್ಟೆ. ಕತೆ ಕಾವೇರಿಯದು. ಅಗಸ್ತ್ಯರ ಕಮಂಡಲ, ಅದರೊಳಗೆ ಕಾವೇರಿ, ಗಣಪತಿ ಕಾಗೆಯಾಗಿ ಬಂದು ಉರುಳಿಸುವುದು, ಅಷ್ಟೇ. ಹೊಲಿಗೆ ಮಿಷನ್ ಇಲ್ಲ. ಸೂಜಿ ಹಿಡಿಯಲು ಬರುತ್ತದೆ. ಕೈಯಲ್ಲಿರುವುದು 500 ರೂಪಾಯಿ. ಪೇಪರ್ ನೆನೆಸಿ, ಮೈದಾ ಅಂಟು ಹಾಕಿ ಒಂದು ತಲೆ ಮಾಡಿ ನೋಡಿದೆ. ಐದು ದಿನವಾದರೂ ಒಣಗಲಿಲ್ಲ. ಆರನೇ ದಿನ ಬೂಸು ಬಂತು. ಇದುವರೆಗೆ ಗೊಂಬೆ ಮಾಡಿದವಳಲ್ಲ. ಎಲ್ಲಿಂದ ಶುರು ಮಾಡಲಿ?

ಮಡಿಕೇರಿಯಿಂದ

ಟೀಚರ್, ಬೂಸು ಬಂದ ಆ ತಲೆಯನ್ನು ಮೊದಲು ಒಲೆಗೆ ಹಾಕಿ. ಒರೆಸಿ ಬಣ್ಣ ಹಚ್ಚಿದರೆ ಸರಿಹೋಗುತ್ತದೆ ಅಂತ ಅನಿಸುತ್ತದೆ, ಹೋಗುವುದಿಲ್ಲ. ಒಳಗಿನಿಂದ ಮತ್ತೆ ಬರುತ್ತದೆ.

ನಾನು ನಾಲ್ಕು ವರ್ಷದಿಂದ ರಜೆಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಗೊಂಬೆ ಮಾಡಿಸುತ್ತಿದ್ದೇನೆ. ಮೊದಲ ವರ್ಷ ನನ್ನದೂ ಇದೇ ಕತೆ. ಜುಲೈ ತಿಂಗಳು, ಪೇಪರ್ ತಲೆ, ಬಿಸಿಲು ಕಂಡು ಹದಿನೈದು ದಿನವಾಗಿತ್ತು. ಬುದ್ಧಿ ಉಪಯೋಗಿಸಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಹೊರಗೆ ಚೆನ್ನಾಗಿ ಒಣಗಿತು, ಒಳಗೆ ಹಸಿಯಾಗಿಯೇ ಇತ್ತು. ಆಟದ ದಿನ ರಾಜನ ಮೂಗು ಕಳಚಿ ಮುಂದಿನ ಸಾಲಿನಲ್ಲಿ ಬಿತ್ತು. ಸಾಲದ್ದಕ್ಕೆ ಹೊಗೆ ಹಿಡಿದು ರಾಣಿ ಬೇರೆ ಕಪ್ಪಾಗಿದ್ದಳು. ಪೇಪರ್ ತಲೆ ಮಾಡುವುದು ತಪ್ಪಲ್ಲ. ಜನವರಿಯಲ್ಲಿ, ಕಾಫಿ ಒಣಗಿಸುವ ಕಣದಲ್ಲೇ ಒಂದು ಮೂಲೆಗೆ ಇಟ್ಟರೆ ಎರಡೇ ದಿನಕ್ಕೆ ಕಲ್ಲಿನ ಹಾಗೆ ಆಗುತ್ತದೆ. ಮಳೆಗಾಲಕ್ಕೆ ಮಾತ್ರ ಬಟ್ಟೆಯ ತಲೆಯೇ ಸರಿ.

ಇನ್ನೊಂದು ಮಾತು. ಪುಸ್ತಕ ಅಂಟಿಸುವವರು ಹಿಂದೆ ಮೈದಾ ಅಂಟಿಗೆ ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಗಿಡಗಳಿಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಅಂತ ತೋಟದ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಯಾರಾದರೂ ಸಲಹೆ ಕೊಟ್ಟಾರು. ಮಕ್ಕಳ ಕೈಗೆ, ಬಾಯಿಗೆ ಹೋಗುವ ಗೊಂಬೆಗೆ ಅದು ಬೇಡವೇ ಬೇಡ, ವಿಷ.

ಬಟ್ಟೆ ತಲೆ ಹೀಗೆ. ಹಳೇ ಮದುವೆ ಕಾಗದ ಒಂದು ತೆಗೆದುಕೊಳ್ಳಿ, ದಪ್ಪ ರಟ್ಟಿನದು. ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿ ತೋರುಬೆರಳಿಗೆ ಎರಡು ಸುತ್ತು ಸುತ್ತಿ ಟೇಪ್ ಹಾಕಿ. ಎರಡನೇ ಗೆಣ್ಣಿನವರೆಗೆ ಬೆರಳು ಹೋಗಬೇಕು. ಕೈ ಅಲ್ಲಾಡಿಸಿದರೆ ಕೊಳವೆ ಬೀಳಬಾರದು, ಎಳೆದರೆ ಬರಬೇಕು, ಅಷ್ಟು ಬಿಗಿ. ಅಳತೆ ನಿಮ್ಮ ಬೆರಳಿನದಲ್ಲ, ಆಡಿಸುವ ಮಗುವಿನದು. ಕೊಳವೆಯ ಮೇಲ್ಭಾಗಕ್ಕೆ ಹಳೇ ದಿಂಬಿನ ಹತ್ತಿ ಸುತ್ತಿ, ನಮ್ಮ ಕೊಡಗಿನ ಕಿತ್ತಳೆಯಷ್ಟು ದಪ್ಪ ಮಾಡಿ. ಅದಕ್ಕಿಂತ ದೊಡ್ಡದು ಬೇಡ. ಕೆಳಗೆ ಅರ್ಧ ಇಂಚು ಕೊಳವೆ ಹೊರಗೇ ಇರಲಿ, ಅದೇ ಕುತ್ತಿಗೆ. ಮೇಲಿಂದ ಹಳೇ ಬನಿಯನ್ ಬಟ್ಟೆ ಎಳೆದು ಮುಚ್ಚಿ, ನೆರಿಗೆಯೆಲ್ಲ ಹಿಂದಕ್ಕೆ ತಂದು ಕುತ್ತಿಗೆಯ ಹತ್ತಿರ ದಾರದಿಂದ ಬಿಗಿಯಾಗಿ ಕಟ್ಟಿ. ಬನಿಯನ್ ಬಟ್ಟೆ ಎಳೆದ ಹಾಗೆ ಬರುತ್ತದೆ, ಅದಕ್ಕೇ ಅದು. ಪಂಚೆ ಬಟ್ಟೆಯಲ್ಲಿ ಮಾಡಿದರೆ ಮುಖದ ತುಂಬ ಸುಕ್ಕು. ಅಗಸ್ತ್ಯರಿಗಾದರೆ ನಡೆಯುತ್ತದೆ ಅನ್ನಿ.

ಬಿಳಿ ಬನಿಯನ್‌ಗೆ ಮೈಬಣ್ಣ ಬೇಕಲ್ವಾ? ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿ. ಒಮ್ಮೆ ಅದ್ದಿದರೆ ಕಾವೇರಿ, ಎರಡು ಸಲ ಅದ್ದಿದರೆ ಅಗಸ್ತ್ಯ. ಬಣ್ಣಕ್ಕೆ ದುಡ್ಡು ಖರ್ಚು ಮಾಡಬೇಡಿ.

ಗಡ್ಡಕ್ಕೆ ಹರಿದ ಗೋಣಿಚೀಲದ ನಾರು ಬಿಡಿಸಿ. ಒಮ್ಮೆ ತೊಳೆಯಿರಿ, ಇಲ್ಲದಿದ್ದರೆ ಅಗಸ್ತ್ಯರು ಮಾತಾಡಿದಾಗಲೆಲ್ಲ ಆಡಿಸುವ ಮಗು ಸೀನುತ್ತದೆ. ಕಣ್ಣಿಗೆ ಶರ್ಟಿನ ಬಟನ್. ಬೇಲಿಯಲ್ಲಿ ಕೆಂಪು ಕಪ್ಪು ಗುಲಗಂಜಿ ಕಂಡರೆ ಮಕ್ಕಳೇ ಆರಿಸಿ ತರುತ್ತಾರೆ, ಚೆಂದವೂ ಇರುತ್ತದೆ. ಬೇಡ. ಆ ಬೀಜ ಕಡಿದು ನುಂಗಿದರೆ ಜೀವಕ್ಕೇ ಅಪಾಯ. ಸೂಜಿಯಲ್ಲಿ ತೂತು ಮಾಡಿ ಪೋಣಿಸಿದ್ದು ಇನ್ನೂ ಕೆಟ್ಟದ್ದು.

ಮೂಗು ದೊಡ್ಡದು ಮಾಡಿ. ಬಾಯಿ ನಗುವ ಹಾಗೆ ಬರೆಯಬೇಡಿ, ಸುಮ್ನೆ ಒಂದು ನೇರ ಗೆರೆ ಸಾಕು. ನಗುವ ಬಾಯಿ ಬರೆದರೆ ಕಾವೇರಿ ಅಳುವಾಗಲೂ ನಗುತ್ತಲೇ ಇರುತ್ತಾಳೆ.

ಸೋಮವಾರಪೇಟೆಯಿಂದ

ಟೀಚರಮ್ಮ, ನಾನು ಟೈಲರ್. ಗೊಂಬೆ ಮಾಡಿದವನಲ್ಲ. ಆದರೆ ಪ್ರತಿ ವರ್ಷ ಯಾರಾದರೂ ಒಬ್ಬರು ಅರ್ಧ ಮಾಡಿದ ಗೊಂಬೆಯಂಗಿ ಹಿಡಿದು ಅಂಗಡಿಗೆ ಬರುತ್ತಾರೆ. ಎಲ್ಲರದೂ ಒಂದೇ ತಪ್ಪು. ಕೈಯನ್ನು ಪೇಪರ್ ಮೇಲೆ ಇಟ್ಟು ಸುತ್ತ ಗೆರೆ ಎಳೆಯುತ್ತಾರೆ, ಆ ಗೆರೆಯ ಮೇಲೇ ಕತ್ತರಿ ಹಾಕುತ್ತಾರೆ. ಹೊಲಿದ ಮೇಲೆ ಕೈ ಒಳಗೆ ಹೋಗುವುದಿಲ್ಲ. ಕೈ ಅಂದರೆ ಪೇಪರ್ ಅಲ್ಲ, ಅದಕ್ಕೆ ದಪ್ಪ ಇದೆ.

ತೋರುಬೆರಳು ಮೇಲೆ, ಹೆಬ್ಬೆರಳು ಒಂದು ಕಡೆ, ಇನ್ನೊಂದು ಬೆರಳು ಇನ್ನೊಂದು ಕಡೆ ಅಗಲಿಸಿ ಇಡಿ. ಗೆರೆಯಿಂದ ಸುತ್ತಲೂ ಒಂದು ಇಂಚು ಬಿಟ್ಟು ಕತ್ತರಿಸಿ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡ ಕೈ ಯಾರದೋ ಆ ಮಗುವಿನ ಅಳತೆ ತೆಗೆದುಕೊಳ್ಳಿ. ಕೆಳಗೆ ಉದ್ದ ಜಾಸ್ತಿ ಇರಲಿ, ಮಣಿಕಟ್ಟಿನಿಂದ ಇನ್ನೂ ನಾಲ್ಕು ಇಂಚು ಕೆಳಗೆ. ಕೈ ಎತ್ತಿದಾಗ ಅಂಗಿ ಮೇಲೆ ಹೋಗುತ್ತದೆ, ಯೂನಿಫಾರ್ಮ್ ತೋಳು ಕಾಣುತ್ತದೆ.

ಎರಡು ತುಂಡನ್ನು ಚೆಂದದ ಮೈ ಒಳಗೆ ಬರುವ ಹಾಗೆ ಇಟ್ಟು ಹೊಲಿಯಿರಿ. ಕೈಹೊಲಿಗೆಯಾದರೆ ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗಲಿ. ಬರೀ ಓಟದ ಹೊಲಿಗೆ ಹಾಕಿದರೆ ಮಕ್ಕಳು ಎರಡು ಸಲ ಕೈ ತೂರಿಸುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ತಿರುಗಿಸುವ ಮೊದಲು ಕಂಕುಳ ಹತ್ತಿರ ಎರಡು ಮೂರು ಕಡೆ ಸಣ್ಣ ಕಚ್ಚು ಹಾಕಿ, ಹೊಲಿಗೆಗೆ ತಾಗಬಾರದು. ಇದೊಂದು ಮಾಡದಿದ್ದರೆ ತಿರುಗಿಸಿದ ಮೇಲೆ ಕಂಕುಳಲ್ಲಿ ಗಂಟು ಕಟ್ಟಿದ ಹಾಗೆ ಎಳೆಯುತ್ತದೆ, ಕೈ ಅಗಲಿಸಲು ಆಗುವುದಿಲ್ಲ.

ಬಟ್ಟೆ ಕೊಳ್ಳಬೇಡಿ. ಯಾವ ಟೈಲರ್ ಹತ್ತಿರವಾದರೂ ಕೇಳಿ, ಒಂದು ಚೀಲ ತುಂಡು ಬಟ್ಟೆ ಪುಕ್ಕಟೆ ಕೊಡುತ್ತಾರೆ. ನಾವು ಅದನ್ನು ಎಸೆಯುವುದು ತಾನೇ. ಮಕ್ಕಳನ್ನು ಕರೆದುಕೊಂಡು ಹೋದರೆ ಒಳ್ಳೇ ತುಂಡು ಹುಡುಕಿ ಕೊಡುತ್ತಾರೆ.

ವಿರಾಜಪೇಟೆಯಿಂದ

ಅಕ್ಕ, ಎಲ್ಲರೂ ಹೊಲಿಗೆ ಹೇಳುತ್ತಿದ್ದಾರೆ. ನಾನು ಹೇಳುವುದು, ಕಾಗೆಗೆ ಹೊಲಿಗೆಯೇ ಬೇಡ. ಕಪ್ಪು ಸಾಕ್ಸ್ ಒಂದು ಸಾಕು. ನಾಲ್ಕು ಬೆರಳು ಮೇಲಿನ ಕೊಕ್ಕು, ಹೆಬ್ಬೆರಳು ಕೆಳಗಿನ ಕೊಕ್ಕು. ಬೆರಳು ತುದಿಯ ಹೊಲಿಗೆ ಬಿಚ್ಚಿ, ರಟ್ಟನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ ಮಧ್ಯಕ್ಕೆ ಮಡಿಸಿ, ಬಾಯೊಳಗೆ ಫೆವಿಕಾಲ್ ಹಚ್ಚಿ ಕೂರಿಸಿ. ಮೇಲೆ ಕೆಂಪು ಬ್ಲೌಸ್ ಪೀಸ್ ಅಂಟಿಸಿ. ಬಾಯಿ ತೆರೆದು ಮುಚ್ಚುವ ಗೊಂಬೆ ಅಂದರೆ ಮಕ್ಕಳಿಗೆ ಪ್ರಾಣ. ಅಗಸ್ತ್ಯರನ್ನು ಯಾರೂ ಕೇಳುವುದಿಲ್ಲ, ಕಾಗೆಗೆ ಜಗಳವಾಗುತ್ತದೆ, ನೋಡಿ ಬೇಕಾದರೆ.

ರೆಕ್ಕೆಗೆ ಮುರಿದ ಕೊಡೆಯ ಬಟ್ಟೆ. ಈ ಜಿಲ್ಲೆಯಲ್ಲಿ ಮುರಿದ ಕೊಡೆ ಇಲ್ಲದ ಮನೆ ತೋರಿಸಿ! ಎಂಟು ಕಡ್ಡಿಯ ಕೊಡೆಯಲ್ಲಿ ಎಂಟು ತುಂಡು ಬಟ್ಟೆ. ಅಂಚಿನಿಂದ ನೂಲು ಬಿಡುತ್ತದೆ, ಊದುಬತ್ತಿ ತುದಿಯನ್ನು ಅಂಚಿಗೆ ತಾಗಿಸುತ್ತಾ ಹೋದರೆ ಕರಗಿ ಕೂರುತ್ತದೆ. ಆ ಕೆಲಸ ನೀವು ಮಾಡಿ, ಕಿಟಕಿ ತೆಗೆದು. ಉಳಿದ ಕೊಡೆ ಬಟ್ಟೆ ಇಟ್ಟುಕೊಂಡಿರಿ. ನನ್ನ ಮಗಳ ಕ್ಲಾಸಿನಲ್ಲಿ ಹುತ್ತರಿ ಹಬ್ಬಕ್ಕೆ ಕೊಡವ ಗೊಂಬೆ ಮಾಡಿದ್ದರು. ಕುಪ್ಯ ಅನ್ನುವ ಉದ್ದ ಕೋಟು ಕೊಡೆ ಬಟ್ಟೆಯದು, ಸೊಂಟಕ್ಕೆ ಸುತ್ತುವ ಚೇಲೆ ಕೆಂಪು ರಿಬ್ಬನ್, ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ ರಟ್ಟಿನ ಮೇಲೆ ಚಾಕೊಲೇಟ್ ಕಾಗದ ಸುತ್ತಿದ್ದು. ಹತ್ತಿರದಿಂದ ನೋಡುವವರೆಗೆ ಗೊತ್ತೇ ಆಗುತ್ತಿರಲಿಲ್ಲ.

12 ಮಕ್ಕಳು ಅಂದಿರಿ. ಮೂರು ಗೊಂಬೆಗೆ 12 ಮಕ್ಕಳು ಅಂದರೆ ಕಷ್ಟ. ಹಸಿರು ಸಾಕ್ಸಿನಲ್ಲಿ ಒಂದು ಕಪ್ಪೆ ಸೇರಿಸಿಬಿಡಿ, ಕತೆ ಹೇಳುವುದು ಅದೇ. ಮೂರು ಮೂರು ಮಕ್ಕಳ ನಾಲ್ಕು ಗುಂಪು ಆಯಿತು.

ಕುಶಾಲನಗರದಿಂದ

ಬೆರಳಿನ ವಿಷಯ ಒಂದು. ಕೇರಳದಲ್ಲಿ ಪಾವಕಥಕಳಿ ಅಂತ ಇದೆ, ಕಥಕಳಿ ವೇಷದ ಕೈಗೊಂಬೆ. ತಲೆ ಮತ್ತು ಕೈ ಮರದ್ದು, ಒಂದರಿಂದ ಎರಡು ಅಡಿ ಎತ್ತರ. ಅವರು ತೋರುಬೆರಳನ್ನು ತಲೆಗೆ, ಹೆಬ್ಬೆರಳು ಮತ್ತು ನಡುಬೆರಳನ್ನು ಕೈಗಳಿಗೆ ಹಾಕುತ್ತಾರೆ. ನಮ್ಮ ಕರ್ನಾಟಕದ ಹಳೇ ಗೊಂಬೆಯಾಟ ನೋಡಿದರೆ ಜಾಸ್ತಿ ತೊಗಲುಗೊಂಬೆ, ಇಲ್ಲಾ ಕುಂದಾಪುರ ಹತ್ತಿರದ ಉಪ್ಪಿನಕುದ್ರು ಊರಿನ ಥರ ಸೂತ್ರದ ಗೊಂಬೆ. ಅವು ಮನೆಯಲ್ಲಿ ಕೂತು ವಾರದಲ್ಲಿ ಕಲಿಯುವ ಕೆಲಸವಲ್ಲ. ಕೈಗೊಂಬೆ ಹಾಗಲ್ಲ, ಕೈ ತೂರಿಸಿದ ತಕ್ಷಣ ಜೀವ ಬರುತ್ತದೆ.

ಆದರೆ ಸಣ್ಣ ಮಕ್ಕಳಿಗೆ ನಡುಬೆರಳು ಅಗಲಿಸುವುದು ಕಷ್ಟ. ನಮ್ಮ ಹುಡುಗನಿಗೆ ಹೆಬ್ಬೆರಳು, ಕಿರುಬೆರಳು ಸರಿಹೋಯಿತು, ಉಳಿದೆರಡು ಬೆರಳು ಅಂಗೈಗೆ ಮಡಿಸಿಕೊಳ್ಳುತ್ತಾನೆ. ಟೈಲರ್ ಹೇಳಿದ ಅಳತೆ ತೆಗೆಯುವ ಮೊದಲೇ ಯಾವ ಬೆರಳು ಅಂತ ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಬದಲಿಸಿದರೆ ಅಂಗಿ ಓರೆಯಾಗುತ್ತದೆ.

ಮತ್ತೆ, ಗೊಂಬೆ ಮುಗಿಯಲಿ ಅಂತ ಕಾಯಬೇಡಿ. ಇವತ್ತಿನಿಂದಲೇ ಬರಿಗೈಯಲ್ಲಿ ಅಭ್ಯಾಸ. ಮೊಣಕೈ ಮಡಿಸಿ ಕೈ ಎತ್ತಿ ಐದು ನಿಮಿಷ ನಿಲ್ಲಿಸಿ ನೋಡಿ. ಎರಡನೇ ನಿಮಿಷಕ್ಕೆ ಕೈ ಇಳಿಯುತ್ತದೆ, ಗೊಂಬೆ ಪರದೆಯೊಳಗೆ ಮುಳುಗಿದ ಹಾಗೆ ಕಾಣುತ್ತದೆ. ಅದಕ್ಕೇ ತಲೆ ಹಗುರ ಇರಬೇಕು ಅನ್ನುವುದು.

ಮತ್ತೆ ಪೊನ್ನಂಪೇಟೆಯಿಂದ, ಎರಡು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಖರ್ಚು ಬರೆಯುತ್ತೇನೆ, ಬೇರೆಯವರಿಗೂ ಆದೀತು. ಸಾಕ್ಸ್ 90, ಫೆವಿಕಾಲ್ 20, ಟೇಪ್ 30, ಸೂಜಿ ದಾರ 40, ಮಾರ್ಕರ್ 25, ಬಟನ್ 20. ಒಟ್ಟು 225. ಬಟ್ಟೆ ಪೂರ್ತಿ ಪುಕ್ಕಟೆ. ಟೈಲರ್ ಅಣ್ಣ ಹೇಳಿದ ಹಾಗೆ ಮಕ್ಕಳನ್ನು ಕರೆದುಕೊಂಡೇ ಹೋದೆ, ಜರಿ ತುಂಡೂ ಸಿಕ್ಕಿತು.

ಮೊದಲ ಅಂಗಿ ಹಾಳಾಯಿತು. ಒಂದು ಇಂಚು ಬಿಟ್ಟಿದ್ದೆ, ಆದರೆ ಕುತ್ತಿಗೆಯ ಹತ್ತಿರವೂ ಬಿಟ್ಟು ಅಲ್ಲಿ ಜೋಲು ಬಿತ್ತು. ಈಗ ಅಲ್ಲಿ ಒಳಗಿನಿಂದ ದಾರ ಪೋಣಿಸಿ, ಕೊಳವೆಗೆ ಎಳೆದು ಕಟ್ಟಿದ್ದೇನೆ. ಕಾಗೆಗೆ ನಿಜವಾಗಲೂ ಜಗಳವಾಯಿತು. ಚೀಟಿ ಎತ್ತಬೇಕಾಯಿತು.

ಈಗ ಒಂದೇ ಸಮಸ್ಯೆ. ಕಮಂಡಲ ಉರುಳಿದಾಗ ಕಾವೇರಿ ಹರಿಯುವುದನ್ನು ಹೇಗೆ ತೋರಿಸುವುದು? ನೀರು ಸುರಿಯೋಣ ಅಂತ ಮಕ್ಕಳು ಕೂತಿದ್ದಾರೆ.

ಮಡಿಕೇರಿಯಿಂದ

ನೀರು ಬೇಡ ಟೀಚರ್, ಹೊರಗೆ ಬೀಳುತ್ತಿರುವುದು ಸಾಲದಾ! ತೆಂಗಿನ ಚಿಪ್ಪು ತೆಗೆದುಕೊಳ್ಳಿ, ಕಣ್ಣಿರುವ ಭಾಗ. ಮೆತ್ತಗಿರುವ ಕಣ್ಣನ್ನು ಕೊರೆದು ತೂತು ದೊಡ್ಡದು ಮಾಡಿ. ಹಳೇ ನೀಲಿ ವೇಲ್ ಒಂದನ್ನು ಉದ್ದಕ್ಕೆ ಸೀಳಿ ಚಿಪ್ಪಿನೊಳಗೆ ಮಡಿಸಿ ತುಂಬಿ, ತುದಿಯನ್ನು ಮಾತ್ರ ಆ ತೂತಿನಿಂದ ಕೆಳಗೆ ಬಿಡಿ. ಕಾಗೆ ಚಿಪ್ಪನ್ನು ಕೊಕ್ಕಿನಲ್ಲಿ ತಳ್ಳಿದ ತಕ್ಷಣ ಪರದೆಯ ಹಿಂದಿರುವ ಮಗು ತುದಿ ಹಿಡಿದು ನಿಧಾನವಾಗಿ ಎಳೆದುಕೊಂಡು ಪಕ್ಕದ ಬಾಗಿಲವರೆಗೆ ನಡೆಯಲಿ. ತೆಳು ಬಟ್ಟೆಯೇ ಬೇಕು, ದಪ್ಪ ಇದ್ದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಲ ನಮ್ಮಲ್ಲಿ ಹಾಗಾಗಿ ನದಿ ಅರ್ಧದಲ್ಲೇ ನಿಂತಿತ್ತು.

ಪೊನ್ನಂಪೇಟೆಯಿಂದ

ಇವತ್ತು ಮಾಡಿ ನೋಡಿದೆವು. ನದಿ ಚೆನ್ನಾಗಿ ಹರಿಯಿತು. ಕಾಗೆ ಜೋರಾಗಿ ತಳ್ಳಿ ಚಿಪ್ಪು ಮಾತ್ರ ಕೆಳಗೆ ಕೂತಿದ್ದ ಕಪ್ಪೆಯ ಹುಡುಗನ ತಲೆಗೆ ಬಿತ್ತು. ನಾಳೆಯಿಂದ ಕಮಂಡಲಕ್ಕೆ ಒಂದು ದಾರ ಕಟ್ಟಿ ಪರದೆಯ ಕಂಬಕ್ಕೆ ಬಿಗಿಯುತ್ತೇವೆ.