ಅಪ್ಪಾಜಿ ಐಸಿಯುನಲ್ಲಿ, ಪ್ಲೇಟ್‌ಲೆಟ್ 28 ಸಾವಿರ: ಅನುಭವ ಇದ್ದವರು ಹೇಳಿ

ಕೇಳಿದವರು, ಮಳವಳ್ಳಿ ಕಡೆ:
ಅಪ್ಪಾಜಿಗೆ 64 ವರ್ಷ, ಶುಗರ್ ಇದೆ. ಗದ್ದೆಯಲ್ಲಿ ಕಾಲಿಗಾದ ಗಾಯ ಕೀವಾಯಿತು. ಸೆಪ್ಸಿಸ್ (ಸೋಂಕಿನ ಹೊಡೆತಕ್ಕೆ ಅಂಗಾಂಗಗಳೇ ಸೋಲತೊಡಗುವುದು) ಅಂತ ಮೈಸೂರಿನಲ್ಲಿ ಐಸಿಯು ಸೇರಿ ಇವತ್ತಿಗೆ 3 ದಿನ. ಬಂದಾಗ 1 ಲಕ್ಷ 40 ಸಾವಿರ ಇದ್ದ ಪ್ಲೇಟ್‌ಲೆಟ್ ಇವತ್ತು 28 ಸಾವಿರ. ಡೆಂಗಿ ಇಲ್ಲ, ರಕ್ತ ಎಲ್ಲೂ ಸೋರುತ್ತಿಲ್ಲ. ಡಾಕ್ಟರು ಈಗಲೇ ಪ್ಲೇಟ್‌ಲೆಟ್ ಹಾಕೋದು ಬೇಡ ಅನ್ನುತ್ತಾರೆ. ಮಾವ ಪಪ್ಪಾಯಿ ಎಲೆ ರಸ ಹಿಡಿದು ಬಂದಿದ್ದಾರೆ. ಏನು ಮಾಡೋದು?

ಕುವೆಂಪುನಗರದಿಂದ:
ತಮ್ಮಾ, ಎರಡು ವರ್ಷದ ಹಿಂದೆ ನಮ್ಮಮ್ಮನಿಗೆ ಹೀಗೇ ಆಗಿತ್ತು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಮೊದಲು ಹೋದ ಕಡೆ ಮಳೆಗಾಲ, ಜ್ವರ, ಪ್ಲೇಟ್‌ಲೆಟ್ ಕಮ್ಮಿ ಅಂದಕೂಡಲೇ ಡೆಂಗಿ ಅಂದುಕೊಂಡು ಎರಡು ದಿನ ಕಳೆದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ.

ದಿನಾ ಬೆಳಿಗ್ಗೆ ಕ್ಯಾಂಟೀನ್ ಬಿಲ್ಲಿನ ಹಿಂದೆ ಕೌಂಟ್ ಬರೆದಿಡುತ್ತಿದ್ದೆ. 92, 61, 34, 22, 22, 31, 58, ಎಲ್ಲ ಸಾವಿರದ ಲೆಕ್ಕ. ಎರಡನೇ 22 ಬಂದ ದಿನ ಡಾಕ್ಟರ ಹತ್ತಿರ ಜಗಳಕ್ಕೇ ಹೋದೆ. ಅವರು ಕೂರಿಸಿ ಬಿಡಿಸಿ ಹೇಳಿದರು. ಸೋಂಕಿನ ಹೊಡೆತಕ್ಕೆ ಸಣ್ಣ ಸಣ್ಣ ರಕ್ತನಾಳದೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ಗಡ್ಡೆ ಕಟ್ಟುತ್ತಿರುತ್ತದಂತೆ. ಪ್ಲೇಟ್‌ಲೆಟ್ ಅಲ್ಲೇ ಖರ್ಚಾಗುತ್ತದೆ. ಹೊಸದು ಹುಟ್ಟುವುದೂ ನಿಧಾನವಾಗಿರುತ್ತದೆ. ಹೊರಗಿನಿಂದ ಹಾಕಿದ್ದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ರಕ್ತ ಸೋರದಿದ್ದರೆ 10 ಸಾವಿರದವರೆಗೆ ಕಾಯುತ್ತಾರೆ. ಸೋರುವ ಭಯ ಜಾಸ್ತಿ ಇದ್ದರೆ 20 ಸಾವಿರಕ್ಕೇ ಹಾಕುತ್ತಾರೆ. ರಕ್ತ ಹೋಗುತ್ತಿದ್ದರೆ, ಆಪರೇಷನ್ ಇದ್ದರೆ 50 ಸಾವಿರ ಇರಬೇಕು ಅನ್ನುತ್ತಾರೆ. ನಿಮ್ಮ ಅಪ್ಪಾಜಿಯ ಕಾಲಿನ ಕೀವು ತೆಗೆಯೋಕೆ ಥಿಯೇಟರಿಗೆ ಒಯ್ಯುವುದಾದರೆ ಈ ಕೊನೇ ಲೆಕ್ಕ ಬರುತ್ತದೆ. ಇವತ್ತೇ ಕೇಳಿಕೊಳ್ಳಿ.

ಆಮೇಲೆ ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಶುರು ಮಾಡಿದೆ. ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಪಂಪಿನಲ್ಲಿ ಗಂಟೆಗೆ ಎಷ್ಟು ಎಂಎಲ್ ಹೋಗುತ್ತಿದೆ ಅಂತ. 12, 9, 4. ಮೊದಲು ಇಳಿದದ್ದು ಅದು. ಆಮೇಲೆ ಯೂರಿನ್ ಬ್ಯಾಗ್ ತುಂಬತೊಡಗಿತು. ಪ್ಲೇಟ್‌ಲೆಟ್ ಮೇಲೆದ್ದಿದ್ದು ಎಲ್ಲಕ್ಕಿಂತ ಕೊನೆಗೆ. ನಾವು ನೆಂಟರೆಲ್ಲ ಬೆಂಚಿನ ಮೇಲೆ ಕೂತು ಎಷ್ಟಾಯ್ತು, ಎಷ್ಟಾಯ್ತು ಅಂತ ಅದೊಂದನ್ನೇ ಕೇಳುತ್ತಿದ್ದೆವು!

ಹಾಗಂತ ಕೌಂಟ್ ಲೆಕ್ಕಕ್ಕಿಲ್ಲ ಅಂತಲ್ಲ. ಅಂಗಾಂಗಗಳು ಎಷ್ಟು ಸೋತಿವೆ ಅಂತ ಅಳೆಯೋಕೆ ಐಸಿಯುನಲ್ಲಿ ಹಾಕುವ ಸೋಫಾ ಸ್ಕೋರಿನಲ್ಲಿ ಪ್ಲೇಟ್‌ಲೆಟ್‌ಗೂ ಅಂಕ ಇದೆ. 20 ಸಾವಿರಕ್ಕಿಂತ ಕೆಳಗಿಳಿದರೆ 4 ಅಂಕ, ಅದೇ ಅತಿ ಕೆಟ್ಟದ್ದು. ದಿನಗಳು ಕಳೆದರೂ ಮೇಲೇಳದಿದ್ದರೆ ಡಾಕ್ಟರಿಗೂ ಚಿಂತೆಯೇ.

ಐಸಿಯು ನರ್ಸ್, ಮೈಸೂರು:
ಅಕ್ಕ ಹೇಳಿದ್ದು ಸರಿ. ರಸದ ವಿಷಯ ಮೊದಲು ಹೇಳಿಬಿಡುತ್ತೇನೆ: ಮೂಗಿನ ಟ್ಯೂಬಿನಲ್ಲಿ ದಯವಿಟ್ಟು ಹಾಕಿಸಬೇಡಿ, ನಮ್ಮ ಕಣ್ಣು ತಪ್ಪಿಸಿಯಂತೂ ಬೇಡವೇ ಬೇಡ. ಹೊಟ್ಟೆ ಕೆಟ್ಟರೆ, ವಾಂತಿ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಸೋಂಕು.

ಎರಡು ಮಾತು ಡಾಕ್ಟರನ್ನು ಮೆಲ್ಲಗೆ ಕೇಳಿ. ಒಂದು, ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು) ನೋಡಿದ್ದೀರಾ ಅಂತ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಅಂಟಿಕೊಂಡು ಮುದ್ದೆಯಾಗುತ್ತದೆ, ಮೆಷಿನ್ ಸುಮ್ನೆ ಕಮ್ಮಿ ತೋರಿಸುತ್ತದೆ. ಆಗ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಇನ್ನೊಂದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೊಡುತ್ತಿದ್ದೀರಾ ಅಂತ. ಅದು ಶುರುವಾಗಿ 5ರಿಂದ 10 ದಿನದೊಳಗೆ ಕೌಂಟ್ ಅರ್ಧಕ್ಕಿಂತ ಕೆಳಗೆ ಬಿದ್ದರೆ ಅದರ ಮೇಲೇ ಅನುಮಾನ ಬರುತ್ತದೆ. ಮೂರೇ ದಿನಕ್ಕೆ ಅಪರೂಪ, ಆದರೆ ಈಚೆಗೆ ಬೇರೆ ಆಸ್ಪತ್ರೆಯಲ್ಲಿ ಕೊಟ್ಟಿದ್ದರೆ ತಿಳಿಸಿ.

ನಾವು ಕೈಕಟ್ಟಿ ಕೂತಿರುವುದಿಲ್ಲ ಅಣ್ಣ. ಒಸಡು, ಸೂಜಿ ಚುಚ್ಚಿದ ಜಾಗ, ಮಲ ಕಪ್ಪಗಿದೆಯಾ, ಯೂರಿನ್ ಕೆಂಪಗಿದೆಯಾ, ಎಲ್ಲ ನೋಡುತ್ತಿರುತ್ತೇವೆ. ಬಾಯಿ ಒರೆಸುವುದೂ ಬ್ರಷ್ಷಲ್ಲಲ್ಲ, ಸ್ಪಂಜಿನಲ್ಲಿ.

ಪಾಂಡವಪುರದಿಂದ:
ಗದ್ದೆ ಕೆಲಸದವರು ಅಂತ ಡಾಕ್ಟರಿಗೆ ಗೊತ್ತಾ? ನಮ್ಮ ಭಾವನಿಗೆ ಕಂಕುಳಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇತ್ತು. ಕಬ್ಬು ಕಡಿಯುವಾಗ ಗೀರಿರಬೇಕು ಅಂದುಕೊಂಡು ಯಾರೂ ಹೇಳಲಿಲ್ಲ. ಕೊನೆಗೆ ಸ್ಕ್ರಬ್ ಟೈಫಸ್ (ಪುಟ್ಟ ಹುಳ ಕಚ್ಚಿ ಬರುವ ಜ್ವರ) ಅಂತ ಬಂತು, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟ ಮೇಲೆ ಜ್ವರ ಇಳಿಮುಖ. ಇಲಿಜ್ವರದಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ. ನಿಮ್ಮಲ್ಲಿ ಕಾರಣ ಕಾಲೇ ಇರಬಹುದು, ಆದರೂ ಒಂದು ಮಾತು ಹೇಳಿಬಿಡಿ.

ಮಂಡ್ಯದಿಂದ, ಆರು ಸಲ ಎಸ್‌ಡಿಪಿ (ಒಬ್ಬರಿಂದಲೇ ಮೆಷಿನ್‌ನಲ್ಲಿ ತೆಗೆಯುವ ಪ್ಲೇಟ್‌ಲೆಟ್) ಕೊಟ್ಟವನು:
ಹಾಕಲ್ಲ ಅಂದರೂ ಇಬ್ಬರು ಡೋನರ್‌ಗಳನ್ನು ಹೇಳಿಟ್ಟಿರಿ. ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು, ಕೈ ನರ ಚೆನ್ನಾಗಿ ಕಾಣಬೇಕು. ಒಂದೆರಡು ಗಂಟೆ ಮೆಷಿನ್ ಮುಂದೆ ಕೂರಬೇಕು. ನಡುವೆ ತುಟಿ ಜುಮ್ ಅನ್ನುತ್ತದೆ, ಹೆದರಬೇಡಿ ಅನ್ನಿ, ಕ್ಯಾಲ್ಸಿಯಂ ಕೊಡುತ್ತಾರೆ. ಒಂದು ಎಸ್‌ಡಿಪಿಗೆ ಸಾಮಾನ್ಯವಾಗಿ 30ರಿಂದ 50 ಸಾವಿರ ಏರಬೇಕು, ಒಂದು ಆರ್‌ಡಿಪಿಗೆ (ಮಾಮೂಲಿ ರಕ್ತದಾನದ ಒಂದು ಚೀಲದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್) 5ರಿಂದ 10 ಸಾವಿರ. ಸೆಪ್ಸಿಸ್‌ನಲ್ಲಿ ಅಷ್ಟು ಏರದಿದ್ದರೆ ಬ್ಲಡ್ ಬ್ಯಾಂಕಿನವರನ್ನು ಬೈಯಬೇಡಿ. ಮುಂಚೆಯೇ ತೆಗೆಸಿ ಫ್ರಿಜ್ಜಿನಲ್ಲಿ ಇಡೋಣ ಅನ್ನುವವರೂ ಇದ್ದಾರೆ. ಅದನ್ನು 20ರಿಂದ 24 ಡಿಗ್ರಿಯಲ್ಲಿ ಅಲ್ಲಾಡಿಸುತ್ತಲೇ ಇಡಬೇಕು, ಅದೂ 5 ದಿನವಷ್ಟೇ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರನ್ನು ಕೇಳಿದೆ. ಸ್ಮಿಯರ್ ನೋಡಿದ್ದಾರೆ, ಕೌಂಟ್ ನಿಜವಾಗಿಯೇ ಕಮ್ಮಿ. ಕಾಲಿನ ಒಳಗೆ ಇನ್ನೂ ಕೀವಿದೆಯಂತೆ. ನಾಳೆ ತೆಗೆಯುತ್ತಾರೆ, ಅದಕ್ಕೆ ಮುಂಚೆ ಒಂದು ಎಸ್‌ಡಿಪಿ ಹಾಕುತ್ತಾರೆ. ಡೋನರ್ ನಮ್ಮ ಚಿಕ್ಕಪ್ಪನ ಮಗ, ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಾನೆ. ಪಂಪಿನಲ್ಲಿ ಈಗ 8 ಎಂಎಲ್ ಹೋಗುತ್ತಿದೆ, ನಿನ್ನೆ 10 ಇತ್ತು. ಬರೆದಿಟ್ಟಿದ್ದೇನೆ ಅಕ್ಕ. ರಸದ ಬಾಟ್ಲಿ ಮಾವನ ಚೀಲಕ್ಕೆ ವಾಪಸ್ ಹೋಯಿತು, ಅವರು ಮಾತು ಬಿಟ್ಟಿದ್ದಾರೆ.