ಬಲಮುರಿಯ ‘ಮುರಿ’: ಮುರಿದದ್ದೋ, ತಿರುಗಿದ್ದೋ?

ಕೊಡಗಿನ ಮೂರ್ನಾಡಿನಿಂದ ಕಾವೇರಿ ದಂಡೆಯ ಬಲಮುರಿಗೆ ಹೋಗುವಾಗ ಬೈಕಿನ ಹಿಂದೆ ಕೂತಿದ್ದ ಅಕ್ಕನ ಮಗ ದಾರಿಯ ಬೋರ್ಡು ಓದಿ, “ಮಾವ, ಯಾರ ಬಲ ಮುರಿದದ್ದು?” ಅಂದ. ಆರನೇ ಕ್ಲಾಸಿನ ಹುಡುಗ. ನಗು ಬಂತು, ಆದರೆ ಉತ್ತರ ಬರಲಿಲ್ಲ. ಮಳೆಗಾಲದಲ್ಲಿ ಆ ಹಳೇ ತಗ್ಗಿನ ಸೇತುವೆ ಮುಳುಗಿದ್ದನ್ನು ನೋಡಿದವರಿಗೆ ಅವನ ಅರ್ಥವೂ ತೀರ ತಪ್ಪೆನಿಸುವುದಿಲ್ಲ!

ಊರಿನ ಕಥೆ ನಿಮಗೆಲ್ಲ ಗೊತ್ತಿದ್ದೀತು. ಅಗಸ್ತ್ಯರನ್ನು ಬಿಟ್ಟು ನೀರಾಗಿ ಹರಿದ ಕಾವೇರಿಯನ್ನು ತಡೆಯಲು ಕೊಡವರು ಇಲ್ಲಿ ಸೇರಿದರಂತೆ. ಅವಳು ಗಕ್ಕನೆ ಬಲಕ್ಕೆ ತಿರುಗಿದಳು, ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು. ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದೆ ಹಾಕಿ ಉಡುವುದಕ್ಕೆ ಹೇಳುವ ಕಾರಣ ಇದೇ. ಹೊಳೆಯ ಆಚೀಚೆ ಅಗಸ್ತ್ಯೇಶ್ವರ, ಕಣ್ವ ಮುನೀಶ್ವರ ಗುಡಿಗಳಿವೆ. ಕಥೆಯ ಪ್ರಕಾರ ‘ಮುರಿ’ ಎಂದರೆ ತಿರುಗುವುದು, ಒಡೆಯುವುದಲ್ಲ.

ಹಳಗನ್ನಡ ಇಲ್ಲಿ ನೆರವಿಗೆ ಬರುತ್ತದೆ. ಒಡೆಯುವುದಕ್ಕೆ ಶಕಟರೇಫ ಎಂಬ ಹಳೆಯ ಅಕ್ಷರದ (ಱ) ‘ಮುಱಿ’, ಬಾಗುವುದಕ್ಕೆ, ತಿರುಗುವುದಕ್ಕೆ ಸಾಮಾನ್ಯ ರಕಾರದ ‘ಮುರಿ’. ಱ ಬಳಕೆಯಿಂದ ಬಿದ್ದುಹೋದ ಮೇಲೆ ಎರಡೂ ಒಂದೇ ಕಾಗುಣಿತಕ್ಕೆ ಬಂದು ಕೂತವು. ಕೋಲು ಮುರಿಯುವುದು ಮೊದಲನೆಯದು. ಮೂಗು ಮುರಿಯುವುದು, ಮೈ ಮುರಿಯುವುದು ಎರಡನೆಯದೇ ಇರಬೇಕು, ಏಕೆಂದರೆ ಅಲ್ಲಿ ಯಾವುದೂ ತುಂಡಾಗುವುದಿಲ್ಲ. ಲಟಿಕೆ ಮುರಿಯುವುದನ್ನು ಯಾವ ಕಡೆ ಹಾಕುವುದೋ ನನಗೆ ಬಗೆಹರಿದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಇದೇ ಜಾಗವನ್ನು ‘ವಲಂಬುರಿ’ ಎನ್ನುವವರೂ ಇದ್ದಾರೆ. ತಮಿಳಿನಲ್ಲಿ ಬಲಕ್ಕೆ ಸುರುಳಿ ಸುತ್ತಿದ ಶಂಖ ವಲಂಪುರಿ, ನಮ್ಮಲ್ಲಿ ಅದೇ ಬಲಮುರಿ ಶಂಖ. ಸೊಂಡಿಲು ಬಲಕ್ಕಿದ್ದರೆ ಬಲಮುರಿ ಗಣಪತಿ. ಆದರೆ ತಮಿಳಿನ ‘ಪುರಿ’ಗೆ ಕನ್ನಡದ ನಂಟು ‘ಮುರಿ’ ಅಲ್ಲ, ‘ಹುರಿ’: ಹಗ್ಗ ಹುರಿ ಮಾಡುತ್ತೇವಲ್ಲ, ಆ ಹುರಿ. ಹಾಗಾದರೆ ‘ಬಲಂಬುರಿ’ ಎಂಬುದೇ ಮೊದಲಿದ್ದು, ಬಕಾರ ಸವೆದು ಬಲಮುರಿ ಆಯಿತೇ? ಅಥವಾ ಕನ್ನಡದವರು ತಮಗೆ ಗೊತ್ತಿದ್ದ ಮುರಿಯನ್ನು ಅಲ್ಲಿ ಕೂರಿಸಿದರೇ?

ನನ್ನ ಮನಸ್ಸು ಮುರಿಯ ಕಡೆಗೇ ವಾಲುತ್ತದೆ. ಇದೇ ಕಾವೇರಿ ಕೆಳಗೆ ಹೋದಾಗ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಇನ್ನೊಂದು ಬಲಮುರಿ ಇದೆ, ಹತ್ತಿರದಲ್ಲೇ ಎಡಮುರಿಯೂ ಇದೆ. ಅಲ್ಲಿ ಯಾರೂ ನೆರಿಗೆಯ ಕಥೆ ಹೇಳುವುದಿಲ್ಲ. ಕಥೆಯಿಲ್ಲದೆಯೂ ಹೊಳೆಯ ದಂಡೆಗೆ ಆ ಹೆಸರು ಅಂಟಿದೆ ಎಂದರೆ, ಮುರಿ ಎಂಬುದು ನೀರಿನ ತಿರುವಿಗೆ ದಿನಬಳಕೆಯ ಮಾತಾಗಿದ್ದಿರಬೇಕು.

ಇನ್ನೊಂದು ಸಣ್ಣ ತೊಡಕು: ಬಲ ಯಾರದು? ಹುಡುಗ ಸೇತುವೆಯ ಮೇಲೆ ನಿಂತು ಮೊದಲು ಹೊಳೆ ಬರುವ ಭಾಗಮಂಡಲದ ಕಡೆಗೆ, ಆಮೇಲೆ ಅದು ಹೋಗುವ ಬೇತ್ರಿಯ ಕಡೆಗೆ ಮುಖ ಮಾಡಿ ಎರಡು ಸಲ ಬಲಗೈ ಚಾಚಿದ. ಎರಡು ಸಲವೂ ಬೇರೆ ಬೇರೆ ದಂಡೆ. ಹಾರಂಗಿ ಅಣೆಕಟ್ಟಿನ ನಾಲೆಗೆ ಎಡದಂಡೆ, ಬಲದಂಡೆ ಎನ್ನುವಾಗ ನೀರು ಹೋಗುವ ಕಡೆಗೆ ಮುಖ ಇಟ್ಟುಕೊಳ್ಳುತ್ತಾರೆ. ಹೆಸರಿಟ್ಟ ಹಿರಿಯರೂ ಹೊಳೆಯನ್ನು ನಡೆಯುವ ಹೆಂಗಸೆಂದೇ ತಿಳಿದು ಅವಳ ಬಲವನ್ನೇ ಹಿಡಿದಿರಬೇಕು. ಕಥೆಯಲ್ಲೂ ಹಾಗೇ ಇದೆ.

ಈಗ ನಿಮ್ಮನ್ನು ಕೇಳುವುದು: ಹೊಳೆಯದೋ ದಾರಿಯದೋ ತಿರುವಿಗೆ ‘ಮುರಿ’ ಅಥವಾ ‘ಮುರುವು’ ಎಂದು ನಿಮ್ಮ ಮನೆಯ ಹಿರಿಯರು ಇನ್ನೂ ಅನ್ನುತ್ತಾರೆಯೇ? ‘ಆ ಮುರೀಲಿ ಮೀನು ಸಿಗ್ತದೆ’ ಎನ್ನುವಂಥ ಒಂದು ಮಾತು ಸಿಕ್ಕರೂ ಸಾಕು, ಯಾವ ಊರಿನದೆಂದು ಜೊತೆಗೆ ಬರೆಯಿರಿ. ಹುಡುಗ ಪ್ರತಿ ಭಾನುವಾರ ಉತ್ತರ ಬಂತಾ ಎಂದು ಕೇಳುತ್ತಿದ್ದಾನೆ.