ಬೋರ್ಡು ಅದೇ, ಗಲ್ಲಾದಲ್ಲಿ ಯಾರು?

ಹೋದ ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ದೊಡ್ಡಪ್ಪನ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ. ಶುಭೋದಯದ ಚಿತ್ರಗಳನ್ನೂ ಚಿಕ್ಕಪ್ಪನ ಮೂರು ಜೋಕುಗಳನ್ನೂ ತೆಗೆದಿದ್ದೇನೆ. ಜಗಳ ಒಬ್ಬ ಮೇಷ್ಟ್ರು ಮಾಡಿದ್ದ ದೇವರನಾಮದ ಅಂತರ್ಜಾಲ ತಾಣದ ಬಗ್ಗೆ. ತಾಣದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಯಾರಾದರೂ ಒತ್ತಿ ನೋಡುತ್ತಾರೆ.

ದೊಡ್ಡಪ್ಪ: ಸಂತೋಷದ ಸುದ್ದಿ. ನಮ್ಮ ದೇವರನಾಮದ ತಾಣ ಮತ್ತೆ ಶುರುವಾಗಿದೆ. ಹಳೆಯ ಹಾಡುಗಳೆಲ್ಲ ಹಾಗೇ ಇವೆ. 299 ರೂಪಾಯಿ ಕಟ್ಟಿದರೆ ಎಲ್ಲವನ್ನೂ ಪುಸ್ತಕ ಮಾಡಿ ಮನೆಗೆ ಕಳಿಸುತ್ತಾರಂತೆ. ನಾವು ಕಟ್ಟಿದ್ದೇವೆ. ಲಿಂಕ್ ಕೆಳಗಿದೆ.

ದೊಡ್ಡಮ್ಮ: 🙏🙏

ಚಿಕ್ಕಪ್ಪ: ಅಣ್ಣಾ, ನನ್ನದೂ ಒಂದು ಸೇರಿಸು. ದುಡ್ಡು ಆಮೇಲೆ ಕೊಡುತ್ತೇನೆ.

ದೊಡ್ಡಪ್ಪ: ನೀನು ಆಮೇಲೆ ಕೊಟ್ಟಿದ್ದು ಯಾವಾಗ?

ನಾನು: ದೊಡ್ಡಪ್ಪ, ಯಾರೂ ಇನ್ನು ದುಡ್ಡು ಕಟ್ಟಬೇಡಿ. ಒಂದು ಗಂಟೆ ಕೊಡಿ, ನೋಡಿ ಹೇಳುತ್ತೇನೆ. ಆ ತಾಣ ಎರಡು ವರ್ಷ ಮುಚ್ಚಿತ್ತು ಅಲ್ವಾ?

ದೊಡ್ಡಪ್ಪ: ಮುಚ್ಚಿತ್ತು, ತೆರೆದಿದ್ದಾರೆ. ಅದರಲ್ಲಿ ನೋಡುವುದು ಏನಿದೆ? ವಿಳಾಸ ಒಂದು ಅಕ್ಷರ ಬದಲಾಗಿಲ್ಲ. ಬೀಗದ ಗುರುತೂ ಇದೆ. ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇದ್ದವನು ಕಣಮ್ಮ.

ನಾನು: ಬೀಗದ ಅರ್ಥ ಬೇರೆ ದೊಡ್ಡಪ್ಪ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾತನ್ನು ದಾರಿಯಲ್ಲಿ ಬೇರೆಯವರು ಕದ್ದು ಓದುವುದಿಲ್ಲ, ಅಷ್ಟೇ. ಆ ಕಡೆ ಕೂತವನು ಒಳ್ಳೆಯವನೋ ಕಳ್ಳನೋ ಅದು ಹೇಳುವುದಿಲ್ಲ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಈಗ ಪುಕ್ಕಟೆ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ ಕ್ರೋಮ್ 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನೇ ತೆಗೆದುಹಾಕಿತು. ನಿಮ್ಮ ಫೋನ್ ಅಪ್‌ಡೇಟ್ ಆಗಿಲ್ಲ ಅನಿಸುತ್ತೆ.

ದೊಡ್ಡಪ್ಪ: ಈಗ ನನ್ನ ಫೋನಿನ ಮೇಲೆ ಬಂದಳು.

ಪುಟ್ಟಿ: 😂

ಇಲ್ಲಿಂದ ಸುಮಾರು ಒಂದು ಗಂಟೆ ಗುಂಪಿನಲ್ಲಿ ಹಲಸಿನ ಹಪ್ಪಳದ ಮಾತು ನಡೆಯಿತು. ಅಷ್ಟರಲ್ಲಿ ನಾನು ಎರಡು ಕಡೆ ನೋಡಿದೆ. ಒಂದು, ಆ ಹೆಸರು ಯಾವಾಗ ನೋಂದಣಿಯಾಯಿತು ಎಂದು ತೋರಿಸುವ ಹೂಈಸ್ ದಾಖಲೆ. ಇನ್ನೊಂದು ವೇಬ್ಯಾಕ್ ಮೆಷಿನ್. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಅಂತರ್ಜಾಲದ ಪುಟಗಳ ನಕಲು ತೆಗೆದು ಇಡುತ್ತಾ ಬಂದಿದೆ. ಯಾವ ತಾಣ ಯಾವ ದಿನ ಹೇಗಿತ್ತು ಎಂದು ಅಲ್ಲಿ ತಿರುಗಿಸಿ ನೋಡಬಹುದು.

ನಾನು: ನೋಡಿದೆ. ಎರಡು ವರ್ಷದ ಹಿಂದಿನವರೆಗೆ ಮೇಷ್ಟ್ರು ಮಾಡಿದ್ದ ಅದೇ ಹಳದಿ ಪುಟ. ಆಮೇಲೆ ಕೆಲವು ತಿಂಗಳು ‘ಈ ಹೆಸರು ಮಾರಾಟಕ್ಕಿದೆ’ ಅಂತ ಖಾಲಿ ಪುಟ. ಆಮೇಲೆ ಏನಿತ್ತು ಗೊತ್ತಾ? ಇಂಡೋನೇಷ್ಯಾ ಭಾಷೆಯಲ್ಲಿ ಜೂಜಾಟದ ಪುಟ. ಕೆಂಪು ಬಣ್ಣ, ಚಿನ್ನದ ನಾಣ್ಯ, ಎಲ್ಲ ಇದೆ. ಈಗ ಮತ್ತೆ ದೇವರನಾಮ. ಸ್ಕ್ರೀನ್‌ಶಾಟ್ ಹಾಕುತ್ತೇನೆ.

ಚಿಕ್ಕಪ್ಪ: ದಾಸರ ಪದ ತೆಗೆದು ಇಸ್ಪೀಟು ಹಾಕಿದ್ದರಾ!

ದೊಡ್ಡಪ್ಪ: ಹ್ಯಾಕ್ ಆಗಿತ್ತೇನೋ. ಸರಿ ಮಾಡಿಕೊಂಡಿರಬಹುದು. ಸರಕಾರಿ ತಾಣಗಳಲ್ಲೇ ಬೆಟ್ಟಿಂಗ್ ಲಿಂಕ್ ನುಗ್ಗಿಸಿದ್ದರು ಅಂತ ಪೇಪರಿನಲ್ಲಿ ಓದಿದ್ದೇನೆ. ಅಷ್ಟಕ್ಕೇ ಸರಕಾರ ನಕಲಿ ಆಗುತ್ತದಾ?

ಈ ಮಾತಿಗೆ ನಿಜಕ್ಕೂ ತೂಕ ಇತ್ತು. ದೊಡ್ಡಪ್ಪ ಸುಮ್ನೆ ಹಟಕ್ಕೆ ವಾದ ಮಾಡುವವರಲ್ಲ.

ಪುಟ್ಟಿ: ನಾನೂ ಹೂಈಸ್ ನೋಡಿದೆ ಅಕ್ಕಾ. ನೋಂದಣಿ ತಾರೀಕು ಹಳೆಯದೇ ತೋರಿಸುತ್ತಿದೆ. ಹೊಸಬರು ತೆಗೆದುಕೊಂಡಿದ್ದರೆ ಹೊಸ ತಾರೀಕು ಇರಬೇಕಲ್ವಾ?

ದೊಡ್ಡಪ್ಪ: ಹಾಗೆ ಕೇಳು ಪುಟ್ಟಿ!

ನಾನು: ಒಳ್ಳೆಯ ಪ್ರಶ್ನೆ. ಹೆಸರನ್ನು ನಾವು ಕೊಳ್ಳುವುದಿಲ್ಲ, ವರ್ಷ ವರ್ಷ ದುಡ್ಡು ಕಟ್ಟಿ ಇಟ್ಟುಕೊಳ್ಳುತ್ತೇವೆ. ಕಟ್ಟದಿದ್ದರೆ ನೋಂದಣಿ ಕಂಪನಿ ಕೆಲವು ವಾರ ಕಾಯುತ್ತದೆ. ಡಾಟ್ ಕಾಮ್ ಆದರೆ ಆಮೇಲೂ 30 ದಿನ ಹಳೆಯ ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಬಿಟ್ಟು ಅಳಿಸುತ್ತಾರೆ. ಅಳಿಸಿದ ಮೇಲೆ ಯಾರಾದರೂ ತೆಗೆದುಕೊಂಡರೆ ಹೊಸ ತಾರೀಕು ಬರುತ್ತದೆ. ಆದರೆ ಎಷ್ಟೋ ಹೆಸರುಗಳನ್ನು ಅಳಿಸುವ ಮೊದಲೇ ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಹೋದರೆ ಹಳೆಯ ತಾರೀಕೇ ಉಳಿಯುತ್ತದೆ. ಅದಕ್ಕೇ ಬೆಲೆ ಜಾಸ್ತಿ. ಹಳೆಯ ತಾರೀಕು, ಹಳೆಯ ಲಿಂಕುಗಳು, ಗೂಗಲ್‌ನಲ್ಲಿ ಹಳೆಯ ಮರ್ಯಾದೆ, ಎಲ್ಲ ಜೊತೆಗೇ ಬರುತ್ತದೆ.

ಚಿಕ್ಕಪ್ಪ: ಅರ್ಥ ಆಯಿತು. ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರದ ದೋಸೆ ಹೋಟೆಲು. ಭಟ್ಟರು ಬಿಟ್ಟು ಹೋಗಿ ಹತ್ತು ವರ್ಷ. ಬೋರ್ಡು ಅದೇ, ಗಲ್ಲಾದ ಮೇಲೆ ಭಟ್ಟರ ಫೋಟೋ ಕೂಡ ಇದೆ. ದೋಸೆಗೆ ಹಾಕುವುದು ಬೆಣ್ಣೆ ಅಲ್ಲ, ಡಾಲ್ಡಾ.

ದೊಡ್ಡಪ್ಪ: ಹೋಟೆಲಿನ ಮಾತು ಬೇಡ. ನನ್ನ ಹತ್ತಿರ ಗಟ್ಟಿ ಸಾಕ್ಷಿ ಇದೆ. ಅಮ್ಮ ಇದ್ದಾಗ ಯಾವಾಗಲೂ ಬೈಯುತ್ತಿದ್ದರು, ನೆನಪಿದೆಯಾ? ಒಂದು ಹಾಡಿನ ಮೂರನೇ ನುಡಿಯಲ್ಲಿ ಮೇಷ್ಟ್ರು ಒಂದು ಸಾಲೇ ಬಿಟ್ಟಿದ್ದಾರೆ ಅಂತ. ಈಗಲೂ ಆ ಸಾಲು ಇಲ್ಲ! ಬೇರೆಯವರು ಹೊಸದಾಗಿ ಮಾಡಿದ್ದರೆ ಅದೇ ತಪ್ಪು ಹೇಗೆ ಬರುತ್ತದೆ?

ನಾನು: ಅದೇ ತಪ್ಪು ಬಂದಿದೆ ಅಂದರೆ ನಕಲು ಮಾಡಿದ್ದಾರೆ ಅಂತ ದೊಡ್ಡಪ್ಪ. ಪರೀಕ್ಷೆಯಲ್ಲಿ ಕಾಪಿ ಹೊಡೆದವರು ಸಿಕ್ಕಿಬೀಳುವುದೂ ಹಾಗೇ ಅಲ್ವಾ? ಮೊದಲು ನೋಡಿದೆನಲ್ಲ ವೇಬ್ಯಾಕ್ ಮೆಷಿನ್, ಅಲ್ಲಿಂದಲೇ ಹಳೆಯ ಪುಟಗಳನ್ನು ಎತ್ತಿ ಮತ್ತೆ ಜೋಡಿಸುತ್ತಾರೆ. ಕೆಳಗಡೆ ನೋಡಿ. ಓದುಗರ ಅಭಿಪ್ರಾಯಗಳಲ್ಲಿ ಕೊನೆಯದು ಯಾವ ವರ್ಷದ್ದು? ಹೊಸದಾಗಿ ಒಂದು ಹಾಡಾದರೂ ಸೇರಿದೆಯಾ? ಸೇರಿರುವುದು ದುಡ್ಡು ಕಟ್ಟುವ ಗುಂಡಿ ಒಂದೇ.

ದೊಡ್ಡಪ್ಪ ಹತ್ತು ನಿಮಿಷ ಉತ್ತರ ಕೊಡಲಿಲ್ಲ. ಜರ್ಮನಿಯಲ್ಲಿರುವ ಅಣ್ಣ, ಅಂದರೆ ಅವರ ಮಗ, ಎದ್ದು ಬಂದಿದ್ದು ಆಗ.

ಅಣ್ಣ: ಅಪ್ಪಾ, ಇದು ಹೊಸದೇನಲ್ಲ. ಅಮೆರಿಕದಲ್ಲಿ ಹೇರ್‌ಪಿನ್ ಅಂತ ಹೆಂಗಸರೇ ಬರೆಯುತ್ತಿದ್ದ ಒಳ್ಳೆಯ ತಾಣ ಇತ್ತು. 2018ರಲ್ಲಿ ನಿಂತಿತು. ಆಮೇಲೆ ಸರ್ಬಿಯಾದ ಒಬ್ಬ ಡಿಜೆ ಆ ಹೆಸರನ್ನು ಹಿಡಿದುಕೊಂಡು ಎಐ ಬರೆದ ಕಸ ತುಂಬಿದ. ಹಳೆಯ ಲೇಖನಗಳಲ್ಲಿ ಕೆಲವನ್ನು ಉಳಿಸಿಕೊಂಡು, ಬರೆದ ಹೆಂಗಸರ ಹೆಸರು ತೆಗೆದು ಗಂಡಸರ ಹೆಸರು ಹಾಕಿದ್ದರು. 2024ರಲ್ಲಿ ವೈರ್ಡ್ ಪತ್ರಿಕೆ ಬರೆದಿತ್ತು.

ಅಣ್ಣ: ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಆಯಿತು. ಪಾಲಿಫಿಲ್ ಡಾಟ್ ಐಓ ಅಂತ. ಹಳೆಯ ಬ್ರೌಸರುಗಳಲ್ಲೂ ತಾಣಗಳು ಓಡಲಿ ಎಂದು ಪುಕ್ಕಟೆ ಕೋಡ್ ಕೊಡುತ್ತಿದ್ದ ಜಾಗ. ಎಲ್ಲರೂ ನಂಬಿ ತಮ್ಮ ಪುಟಕ್ಕೆ ಜೋಡಿಸಿಕೊಂಡಿದ್ದರು. 2024ರ ಫೆಬ್ರವರಿಯಲ್ಲಿ ಫನ್‌ನಲ್ ಅನ್ನುವ ಚೀನಾದ ಕಂಪನಿ ಆ ಹೆಸರನ್ನು ಕೊಂಡಿತು. ಜೂನ್ ಹೊತ್ತಿಗೆ ಅಲ್ಲಿಂದ ಬರುವ ಕೋಡ್ ಮೊಬೈಲಿನವರನ್ನು ಬೆಟ್ಟಿಂಗ್ ಪುಟಕ್ಕೆ ಎಳೆಯುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ. ಎಂಜಿನಿಯರುಗಳೇ ಮೋಸ ಹೋಗಿದ್ದಾರೆ, ನೀನು ನಾಚಿಕೆ ಪಡಬೇಡ.

ದೊಡ್ಡಪ್ಪ: ನಾನೆಲ್ಲಿ ನಾಚಿಕೆ ಪಟ್ಟೆ? ಕೈ ಬದಲಾದ ತಾಣ ಎಲ್ಲವೂ ಕೆಟ್ಟಿದ್ದು ಅಂತ ಹೇಳುತ್ತೀಯಾ?

ಅಣ್ಣ: ಇಲ್ಲ. ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಸೋರ್ಸ್‌ಫೋರ್ಜ್ ಅನ್ನುವ ತಾಣದ ಕಥೆ ಉಲ್ಟಾ. ಹಳೆಯ ಮಾಲೀಕರ ಕೈಯಲ್ಲೇ ಕೆಟ್ಟಿತು. 2015ರಲ್ಲಿ ಗಿಂಪ್ ಎನ್ನುವ ಚಿತ್ರದ ಸಾಫ್ಟ್‌ವೇರ್ ಜೊತೆ ಜಾಹೀರಾತಿನ ಕಸ ಕಟ್ಟಿ ಕೊಡುತ್ತಿದ್ದರು. 2016ರಲ್ಲಿ ಹೊಸಬರು ಕೊಂಡ ಮೇಲೆ ಅದನ್ನು ನಿಲ್ಲಿಸಿದರು.

ದೊಡ್ಡಪ್ಪ: ನೋಡಿದೆಯಾ! ಅದಕ್ಕೇ ಹೇಳಿದ್ದು. ಮತ್ತೆ ಇನ್ನೊಂದು ವಿಷಯ. ನಿಮ್ಮ ದೊಡ್ಡಮ್ಮ ದುಡ್ಡು ಕಟ್ಟುವ ಮೊದಲು ಮೇಷ್ಟ್ರಿಗೇ ಇಮೇಲ್ ಮಾಡಿ ಕೇಳಿದ್ದಾಳೆ. ಹಳೆಯ ವಿಳಾಸಕ್ಕೆ. ಒಂದೇ ದಿನದಲ್ಲಿ ಉತ್ತರ ಬಂತು. ಇದಕ್ಕೆ ಏನು ಹೇಳುತ್ತೀಯಾ?

ಇದು ನನಗೆ ಗೊತ್ತಿರಲಿಲ್ಲ. ಓದಿ ಹೊಟ್ಟೆ ತೊಳಸಿದ ಹಾಗಾಯಿತು.

ನಾನು: ಇಮೇಲ್ ವಿಳಾಸದಲ್ಲಿ ಆ್ಯಟ್ ಗುರುತು ಆದಮೇಲೆ ತಾಣದ ಹೆಸರೇ ಇದೆಯಾ? ಜಿಮೇಲ್ ಅಲ್ಲ ತಾನೇ?

ದೊಡ್ಡಮ್ಮ: ಜಿಮೇಲ್ ಅಲ್ಲ ಕೂಸೇ. ತಾಣದ ಹೆಸರೇ.

ನಾನು: ಹಾಗಾದರೆ ಹೆಸರು ಯಾರ ಕೈಯಲ್ಲಿದೆಯೋ ಅವರಿಗೇ ಆ ಮೇಲ್ ಹೋಗುತ್ತದೆ. ಮೇಷ್ಟ್ರು ಎಲ್ಲೇ ಇರಲಿ, ಅವರ ಹೆಸರಿಗೆ ಬರೆದಿದ್ದನ್ನೆಲ್ಲ ಈಗ ಇವರು ಓದುತ್ತಾರೆ, ಉತ್ತರವನ್ನೂ ಬರೆಯುತ್ತಾರೆ. ಮೇಷ್ಟ್ರು ಎಲ್ಲಾದರೂ ಆ ಇಮೇಲ್ ಕೊಟ್ಟು ಖಾತೆ ತೆರೆದಿದ್ದರೆ ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಇವರಿಗೇ ಬರುತ್ತದೆ.

ದೊಡ್ಡಮ್ಮ: ಒಂದು ಮಾತು ಹೇಳುತ್ತೇನೆ, ನಿಮ್ಮ ದೊಡ್ಡಪ್ಪ ಬೈಯಬಾರದು. ಮೇಷ್ಟ್ರು ಮೊದಲೆಲ್ಲ ನನಗೆ ‘ತಾಯೀ’ ಅಂತ ಶುರು ಮಾಡಿ ಬರೆಯುತ್ತಿದ್ದರು. ಈ ಸಲ ‘ಪ್ರಿಯ ಗ್ರಾಹಕರೇ’ ಅಂತ ಇತ್ತು. ಆಗಲೇ ಒಂಥರಾ ಅನಿಸಿತ್ತು.

ದೊಡ್ಡಪ್ಪ: ಹೇಳಲಿಲ್ಲ ನೀನು?

ದೊಡ್ಡಮ್ಮ: ನೀವು ಆಗಲೇ ದುಡ್ಡು ಕಳಿಸುತ್ತಾ ಇದ್ದಿರಿ.

ಧಾರವಾಡದ ಅತ್ತೆ ಬೆಳಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ. ಆಕೆ ಗುಂಪಿಗೆ ದಿನಕ್ಕೆ ಒಂದು ಸಲ, ಸಂಜೆ ದೀಪ ಹಚ್ಚಿದ ಮೇಲೆ ಬರುವವರು.

ಅತ್ತೆ: ಈಗ ನೋಡಿದೆ. ಅಣ್ಣ, ಆ ಮೇಷ್ಟ್ರು ತೀರಿಕೊಂಡು ಮೂರು ವರ್ಷದ ಮೇಲಾಯಿತು. ಅವರ ಮಗಳು ನಮ್ಮ ಭಜನಾ ಮಂಡಳಿಯಲ್ಲೇ ಇದ್ದಾಳೆ. ಅಪ್ಪನ ಕಂಪ್ಯೂಟರಿನ ವ್ಯವಹಾರ ನಮಗೆ ಯಾರಿಗೂ ಗೊತ್ತಿರಲಿಲ್ಲ, ಎಲ್ಲ ನಿಂತುಹೋಯಿತು ಅಂತ ಅಳುತ್ತಿದ್ದಳು. ನಾನು ಗುಂಪಿನಲ್ಲಿ ಹಾಕಿದ್ದೆನಲ್ಲ?

ಹುಡುಕಿ ನೋಡಿದೆ. ಹಾಕಿದ್ದರು. ಅದೇ ದಿನ ಪುಟ್ಟಿಯ ಪಿಯುಸಿ ಫಲಿತಾಂಶ. ತೊಂಬತ್ತು ಅಭಿನಂದನೆಗಳ ನಡುವೆ ಆ ಸಾಲು ಹೂತುಹೋಗಿತ್ತು.

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ದೊಡ್ಡಪ್ಪ ಒಂದು ಸ್ಕ್ರೀನ್‌ಶಾಟ್ ಹಾಕಿದರು. ‘ನಿಮ್ಮ ಪುಸ್ತಕದ ಪಾರ್ಸೆಲ್ ಎಲ್ಲಿದೆ ನೋಡಲು ಈ ಆ್ಯಪ್ ಹಾಕಿಕೊಳ್ಳಿ’ ಎಂದು ಯಾವುದೋ ನಂಬರಿನಿಂದ ಸಂದೇಶ, ಜೊತೆಗೆ ಒಂದು ಎಪಿಕೆ ಫೈಲು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು.

ದೊಡ್ಡಪ್ಪ: ಇದು ಮಧ್ಯಾಹ್ನ ಬಂತು. ಒತ್ತಿಲ್ಲ.

ನಾನು: ಒತ್ತಲೇ ಬೇಡಿ! 299 ಸುಮ್ನೆ ಗಾಳಕ್ಕೆ ಹಾಕಿದ ಹುಳು. ಅವರಿಗೆ ಬೇಕಿದ್ದದ್ದು ಇದು. ಇಂಥ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ನಿಮ್ಮ ಓಟಿಪಿಗಳೆಲ್ಲ ಅವರ ಕೈಗೆ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಯುಪಿಐ ರಸೀದಿಯಲ್ಲಿ ದುಡ್ಡು ಯಾರ ಹೆಸರಿಗೆ ಹೋಗಿದೆ ನೋಡಿ.

ದೊಡ್ಡಪ್ಪ: ಯಾವುದೋ ಟ್ರೇಡರ್ಸ್ ಅಂತ ಇದೆ. ದೇವರನಾಮಕ್ಕೂ ಟ್ರೇಡರ್ಸ್‌ಗೂ ಏನು ಸಂಬಂಧ ಅಂತ ಆಗ ಹೊಳೆಯಲಿಲ್ಲ. ಬ್ಯಾಂಕಿನಲ್ಲಿ ಇದ್ದಾಗ ಚೆಕ್ಕಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಇದ್ದರೂ ವಾಪಸ್ ಕಳಿಸುತ್ತಿದ್ದೆ.

ಪುಟ್ಟಿ: ಹಾಗಾದರೆ ಬ್ಯಾಂಕಿನ ಹೆಸರನ್ನೂ ಹೀಗೆ ಹರಾಜಿನಲ್ಲಿ ಯಾರಾದರೂ ತೆಗೆದುಕೊಳ್ಳಬಹುದಾ ಅಕ್ಕಾ?

ನಾನು: ಅದಕ್ಕೇ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬನ್ನಿ ಅಂತ ಹೇಳಿದ್ದು. ಆ ಕೊನೆ ಬ್ಯಾಂಕುಗಳಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ. ಮೇಷ್ಟ್ರ ಥರ ಒಬ್ಬರೇ ಕೂತು ತಾಣ ಮಾಡಿದವರಿಗೆ ಅಂಥ ಬೇಲಿ ಇಲ್ಲ.

ಚಿಕ್ಕಪ್ಪ: ಅಣ್ಣಾ, ನನ್ನದು ಸೇರಿಸಲಿಲ್ಲ ತಾನೇ? ನಾನು ಆಮೇಲೆ ಕೊಡುವುದರಲ್ಲೂ ಒಂದು ಲಾಭ ಇದೆ ನೋಡು.

ದೊಡ್ಡಪ್ಪ: 1930 ಸಿಕ್ಕಿತು. ದೂರಿನ ನಂಬರ್ ಕೊಟ್ಟಿದ್ದಾರೆ. ಬ್ಯಾಂಕಿಗೂ ಹೇಳಿದೆ. ಈಗ ಇನ್ನೊಂದು ತೊಂದರೆ.

ದೊಡ್ಡಪ್ಪ: ಈ ಲಿಂಕನ್ನು ನಿನ್ನೆ ರಾತ್ರಿ ನಮ್ಮ ಪಿಂಚಣಿದಾರರ ಗುಂಪಿಗೂ ಹಾಕಿದ್ದೇನೆ. ಇನ್ನೂರು ಜನ ಇದ್ದಾರೆ. ನಾನೇ ಅಡ್ಮಿನ್.

ಅಣ್ಣ: ಅಪ್ಪಾ 🤦

ನಾನು: ನಿನ್ನೆಯದಾದರೆ ಈಗಲೂ ಎಲ್ಲರಿಗೂ ಅಳಿಸಬಹುದು. ಆದರೆ ಅಳಿಸಿ ಸುಮ್ಮನಾಗಬೇಡಿ, ಕಟ್ಟಿದವರು ಇರಬಹುದು. ನಡೆದಿದ್ದನ್ನು ಬರೆಯಿರಿ.

ದೊಡ್ಡಪ್ಪ: ಏನೆಂದು ಬರೆಯಲಿ? ಹೋದ ತಿಂಗಳು ಅವರಿಗೆಲ್ಲ ಸೈಬರ್ ವಂಚನೆ ಬಗ್ಗೆ ಭಾಷಣ ಮಾಡಿದವನೇ ನಾನು.

ದೊಡ್ಡಮ್ಮ: ನಾನು ಹೇಳುತ್ತೇನೆ, ನೀವು ಬರೆಯಿರಿ. ಒಳಗೆ ಬನ್ನಿ.

ಅರ್ಧ ಗಂಟೆ ಆದ ಮೇಲೆ ಅತ್ತೆ ಒಂದು ಫೋಟೋ ಹಾಕಿದರು. ಅಜ್ಜಿಯ ಹಾಡಿನ ಪುಸ್ತಕ, ಎಣ್ಣೆ ಕಲೆ ಹತ್ತಿದ ರೂಲು ಹಾಳೆ, ಮೂರನೇ ನುಡಿ, ಬಿಟ್ಟುಹೋದ ಸಾಲಿನ ಕೆಳಗೆ ಕೆಂಪು ಗೆರೆ.

ಅತ್ತೆ: ಒಟ್ಟು ನೂರಾ ಹತ್ತು ಹಾಳೆ ಇದೆ. ದಿನಕ್ಕೆ ಐದರಂತೆ ಹಾಕುತ್ತೇನೆ. ಮೇಷ್ಟ್ರ ಮಗಳಿಗೂ ಕಳಿಸಬೇಕು.

ದೊಡ್ಡಪ್ಪ: ಫೋಟೋ ಅಡ್ಡ ಬಂದಿದೆ. ತಿರುಗಿಸಿ ಹಾಕು.